ಅಗತ್ಯ: ಸೊನ್ನೆ

ಏಪ್ರಿಲ್ ಎರಡನೇ ವಾರ, ಅಂಗಳದ ಹಿಮ ಇನ್ನೂ ಪೂರ್ತಿ ಕರಗಿರದ ಒಂದು ಮಂಗಳವಾರ, ಲಾಹ್ತಿಯವರ ಮನೆಗೆ ಎರಡು ಲಕೋಟೆಗಳು ಬಂದವು. ದಪ್ಪನೆಯದು ಸಿಗ್ನೆಗೆ, ತೆಳ್ಳನೆಯದು ರೋಡಾಗೆ. ಇಬ್ಬರೂ ಅವಳಿಗಳು, ಹದಿನೆಂಟು ತುಂಬಿ ಆರು ವಾರವಾಗಿತ್ತು. ಸಿಗ್ನೆ ಏಳು ನಿಮಿಷ ಮೊದಲು ಹುಟ್ಟಿದವಳು, ಆಸ್ಪತ್ರೆಯ ಎರಡು ಮಹಡಿಗೂ ಕೇಳುವಂತೆ ಅತ್ತುಕೊಂಡು ಬಂದವಳು. ರೋಡಾ ಬಂದದ್ದು ನರ್ಸ್ ಹೇಳಿದ ಮೇಲೆಯೇ ತನಗೆ ಗೊತ್ತಾಯಿತೆಂದು ಅವರ ತಾಯಿ ನೋರೀನ್ ಈಗಲೂ ಹೇಳುತ್ತಿದ್ದಳು. ಅದನ್ನು ಅವಳು ಹೊಗಳಿಕೆಯಾಗಿಯೇ ಹೇಳುತ್ತಿದ್ದಳು.

ತಂದೆ ಆರ್ವಿಡ್ ಕೆಲಸದಿಂದ ಬಂದು ಬೂಟು ಬಿಚ್ಚುವ ಹೊತ್ತಿಗೆ ಸಿಗ್ನೆ ತನ್ನ ಕಾಗದವನ್ನು ಎರಡು ಸಲ ಓದಿ, ಮೂರನೆಯ ಸಲ ಗಟ್ಟಿಯಾಗಿ ಓದುತ್ತಿದ್ದಳು. ಆರ್ವಿಡ್ ಮನೆ ಬೆಚ್ಚಗಿಡುವ ಬಾಯ್ಲರ್‌ಗಳ ರಿಪೇರಿಯವನು. ಸರೋವರದ ಈ ದಂಡೆಯಲ್ಲಿ ಮೂವತ್ತು ಮೈಲಿ ಉದ್ದಕ್ಕೂ ಯಾರ ನೆಲಮಾಳಿಗೆಯಲ್ಲಿ ಎಂಥ ಬಾಯ್ಲರ್ ಇದೆ, ಅದು ಯಾವ ಚಳಿಗಾಲದಲ್ಲಿ ಕೈಕೊಡುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಕಾಗದಪತ್ರ ನೋಡಿಕೊಳ್ಳುವವಳು ನೋರೀನ್. ಅವಳು ಶಾಲಾ ಬಸ್ಸು ಓಡಿಸುತ್ತಿದ್ದಳು, ಮೂವತ್ತೊಂದು ಮಕ್ಕಳನ್ನು ಬರೀ ಕನ್ನಡಿಯಲ್ಲಿ ನೋಡಿ ಸುಮ್ಮನಿರಿಸಬಲ್ಲವಳಾಗಿದ್ದಳು. ಕಾಲೇಜಿನ ಖರ್ಚಿಗೆ ಸರ್ಕಾರದ ನೆರವು ಕೇಳುವ ಅರ್ಜಿಯನ್ನು ಜನವರಿಯಲ್ಲಿ ತುಂಬಿದವಳೂ ಅವಳೇ.

"ಸರ್ಕಾರದ ಸಾಲ ಐದು ಸಾವಿರದ ಐನೂರು ಡಾಲರ್," ಸಿಗ್ನೆ ಓದಿದಳು. "ಅದರಲ್ಲಿ ಮೂರು ಸಾವಿರದ ಐನೂರು ಸಬ್ಸಿಡಿ ಇರೋದು, ಎರಡು ಸಾವಿರ ಸಬ್ಸಿಡಿ ಇಲ್ಲದ್ದು."

"ಹಂಗಂದ್ರೆ?" ಆರ್ವಿಡ್ ಕೇಳಿದ.

"ಹಂಗಂದ್ರೆ ದುಡ್ಡು ಬಂತು ಅಂತ, ಅಪ್ಪ."

"ಸಾಲ ಅಂದ್ರೆ ದುಡ್ಡು ಹೋಯ್ತು ಅಂತ."

ರೋಡಾ ತಟ್ಟೆಗಳನ್ನು ಮೇಜಿಗಿಟ್ಟು, ಕೈ ಒರೆಸಿಕೊಂಡು, ತನ್ನ ಲಕೋಟೆಯನ್ನು ಬೆಣ್ಣೆ ಚಾಕುವಿನಿಂದ ನೀಟಾಗಿ ಸೀಳಿದಳು. "ನಂದೂ ಐದು ಸಾವಿರದ ಐನೂರೇ," ಅಂದಳು.

"ಸರಿಹೋಯ್ತು. ಸಮ ಆಯ್ತಲ್ಲ," ಎಂದ ಆರ್ವಿಡ್.

"ನಂದು ಪೂರ್ತಿ ಸಬ್ಸಿಡಿ ಇಲ್ಲದ್ದು."

ನೋರೀನ್ ಕಾಗದ ಇಸಿದುಕೊಂಡು ಕೆಳಗಿನ ಸಾಲಿನವರೆಗೂ ಓದಿದಳು. ಅಲ್ಲಿ ಅಚ್ಚಾಗಿತ್ತು: ವಿದ್ಯಾರ್ಥಿಯ ಆರ್ಥಿಕ ಅಗತ್ಯ: ಸೊನ್ನೆ. ಅವಳು ಅದನ್ನು ಗಂಡನಿಗೆ ದಾಟಿಸಿದಳು. ಅವನು ಕಾಗದವನ್ನು ಕನ್ನಡಕದ ಹತ್ತಿರ ತಂದು, ದೂರ ಒಯ್ದು, ಮತ್ತೆ ಹತ್ತಿರ ತಂದ. ಅಂತರ ಬದಲಾದರೂ ಸೊನ್ನೆ ಬದಲಾಗಲಿಲ್ಲ.

"ಒಂದೇ ಮನೆ, ಒಬ್ಬನೇ ಅಪ್ಪ, ಅದೇ ಸಂಪಾದನೆ," ಅಂದ. "ಮಹಡಿ ಕೋಣೇಲಿ ಕಿಟಕಿ ಪಕ್ಕದ ಮಂಚದಲ್ಲಿ ಮಲಗೋಳು ಬಡವಳು. ಬಾಗಿಲ ಪಕ್ಕ ಮಲಗೋಳು ಸಾಹುಕಾರ್ತಿ. ಸರ್ಕಾರಕ್ಕೆ ಇದು ಎಲ್ಲಿಂದ ಕಾಣಿಸ್ತು?"

"ಪರವಾಗಿಲ್ಲ ಬಿಡಪ್ಪ," ಎಂದು ರೋಡಾ ಆಲೂಗಡ್ಡೆ ಬಡಿಸಿದಳು.

ಆರ್ವಿಡ್ ಬಿಡಲಿಲ್ಲ. ಗುರುವಾರ ಪೋರ್ಟ್ ಎಲ್ಲಿಸ್‌ನಲ್ಲಿ ಒಂದು ರಿಪೇರಿ ಇತ್ತು. ರೋಡಾ ಸೇರಲಿದ್ದ ಎರಡು ವರ್ಷದ ಓದಿನ ಕಾಲೇಜು ಇದ್ದದ್ದೂ ಅಲ್ಲೇ, ಮನೆಯಿಂದ ನಲವತ್ತು ನಿಮಿಷದ ದಾರಿ. ಎರಡೂ ಕಾಗದಗಳನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು, ರಿಪೇರಿ ಮುಗಿಸಿ, ಸೀದಾ ಕಾಲೇಜಿನ ನೆರವಿನ ಕಚೇರಿಗೆ ಹೋದ. ಅಲ್ಲಿ ಮಿಸೆಸ್ ಪೆಲ್ಟೊ ಎಂಬ ಅರವತ್ತರ ಆಸುಪಾಸಿನ ಹೆಂಗಸು ಕೂತಿದ್ದರು. ಕೋಟು ಹಾಕಿಕೊಂಡೇ ಕೂತಿದ್ದರು. ಗೋಡೆಗೆ ಹೊಂದಿಕೊಂಡು ಕೋಣೆ ಬೆಚ್ಚಗಿಡುವ ಬಿಸಿನೀರಿನ ರೇಡಿಯೇಟರ್ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಟಣ್ ಟಣ್ ಎನ್ನುತ್ತಿತ್ತು.

"ಅದು ಎಷ್ಟು ದಿನದಿಂದ?" ಆರ್ವಿಡ್ ಕೇಳಿದ.

"ನವೆಂಬರಿನಿಂದ. ಅರ್ಜಿ ಕೊಟ್ಟಿದೀನಿ. ನೀವು ಬಂದ ವಿಷಯ?"

ಅವನು ಎರಡೂ ಕಾಗದಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಹರಡಿದ. ಅವರು ಓದತೊಡಗಿದರು. ಟಣ್ ಎಂದಿತು. ಆರ್ವಿಡ್‌ಗೆ ಕೂರಲಾಗಲಿಲ್ಲ. ಜೇಬಿನಿಂದ ಪುಟ್ಟ ಕೀಲಿ ತೆಗೆದು, ಮೊಣಕಾಲೂರಿ, ರೇಡಿಯೇಟರಿನ ಮೂಲೆಯ ತಿರುಪಿಗೆ ಹಚ್ಚಿದ. "ನೀವು ಹೇಳಿ, ಕಿವಿ ನಿಮ್ಮ ಕಡೆನೇ ಇದೆ," ಅಂದ.

ಮಿಸೆಸ್ ಪೆಲ್ಟೊ ಇಪ್ಪತ್ತೆರಡು ವರ್ಷದಿಂದ ಇದನ್ನೇ ಹೇಳುತ್ತ ಬಂದವರು. ಬೆನ್ನು ತಿರುಗಿಸಿ ಕೂತವನಿಗೆ ಹೇಳಿದ್ದು ಇದೇ ಮೊದಲು.

"ಎರಡೂ ಸಾಲವೇ ಲಾಹ್ತಿಯವರೇ, ಎರಡನ್ನೂ ತೀರಿಸಬೇಕು. ಬಡ್ಡಿ ದರವೂ ಒಂದೇ, ವರ್ಷಕ್ಕೆ ನೂರಕ್ಕೆ ಐದೂವರೆ ಹತ್ತಿರ. ಸಬ್ಸಿಡಿ ಇರೋದಕ್ಕೆ ಹುಡುಗಿ ಓದೋಷ್ಟು ದಿನ, ಓದು ಮುಗಿದ ಮೇಲೆ ಇನ್ನೂ ಆರು ತಿಂಗಳು, ಬಡ್ಡಿ ಸರ್ಕಾರ ಕಟ್ಟುತ್ತೆ. ಸಬ್ಸಿಡಿ ಇಲ್ಲದ್ದಕ್ಕೆ ದುಡ್ಡು ಕೊಟ್ಟ ದಿನದಿಂದಲೇ ಬಡ್ಡಿ ಅವಳ ತಲೆ ಮೇಲೆ."

"ಅವಳು ಕ್ಲಾಸಲ್ಲಿ ಕೂತಿರುವಾಗ್ಲೂ ಮೀಟರ್ ಓಡ್ತಿರುತ್ತೆ."

"ಓಡ್ತಿರುತ್ತೆ. ಈಗಲೇ ಕಟ್ಟಬೇಕು ಅಂತೇನಿಲ್ಲ, ಇಷ್ಟ ಇದ್ರೆ ಕಟ್ಟಬಹುದು. ಕಟ್ಟದಿದ್ರೆ ಒಟ್ಟಾಗ್ತಾ ಹೋಗುತ್ತೆ. ಆಮೇಲೆ ಕಂತು ಶುರುವಾದಾಗ ಕೊಟ್ಟ ದುಡ್ಡು ಮೊದಲು ಆ ಬಡ್ಡಿಗೇ ಹೋಗುತ್ತೆ, ಅಸಲು ಹಾಗೇ ಕೂತಿರುತ್ತೆ."

ರೇಡಿಯೇಟರಿನೊಳಗೆ ಸಿಕ್ಕಿಕೊಂಡಿದ್ದ ಗಾಳಿ ಸುಯ್ ಎಂದು ಹೊರಬಿತ್ತು. "ಅದು ತಿಳೀತು," ಎಂದ ಆರ್ವಿಡ್. "ನಮ್ಮ ರೋಡಾಗೆ ಯಾಕೆ ಸಬ್ಸಿಡಿ ಇಲ್ಲ?"

"ಅದು ಅಗತ್ಯ ಇದ್ದೋರಿಗೆ ಮಾತ್ರ. ಕಾಲೇಜಿನ ಒಟ್ಟು ಖರ್ಚಿನಲ್ಲಿ ಮನೆಯವರು ಕೊಡಬಹುದಾದ್ದನ್ನ ಕಳೀತಾರೆ. ಉಳಿದದ್ದು ಅಗತ್ಯ. ನಿಮ್ಮನೇಲಿ ಹನ್ನೆರಡು ಸಾವಿರದ ನಾನೂರು ಕೊಡಬಹುದು ಅಂತ ಲೆಕ್ಕ ಬಂದಿದೆ."

"ಯಾರಿಗೆ ಬಂದಿದೆ?"

"ಸರ್ಕಾರಕ್ಕೆ."

"ನನಗೆ ಬಂದಿಲ್ಲ."

"ಒಬ್ಬೊಬ್ಬ ಮಗಳಿಗೆ ಅಷ್ಟು," ಎಂದರು ಮಿಸೆಸ್ ಪೆಲ್ಟೊ, ಕೆಟ್ಟ ಸುದ್ದಿಯನ್ನು ಒಂದೇ ಸಲ ಮುಗಿಸಿಬಿಡುವವರಂತೆ. "ಮೊದಲೆಲ್ಲ ಇಬ್ಬರು ಓದ್ತಿದ್ರೆ ಭಾಗ ಮಾಡ್ತಿದ್ರು. ಈಗ ನಿಲ್ಲಿಸಿದಾರೆ."

ಆರ್ವಿಡ್ ತಿರುಪನ್ನು ಕಾಲು ಸುತ್ತು ಬಿಗಿ ಮಾಡಿದ.

"ದೊಡ್ಡವಳ ಕಾಲೇಜು ವರ್ಷಕ್ಕೆ ಐವತ್ತನಾಲ್ಕು ಸಾವಿರ. ಅವರು ಎಷ್ಟು ರಿಯಾಯಿತಿ ಕೊಟ್ರೂ, ನಿಮ್ಮ ಪಾಲು ಕಳೆದ್ರೂ, ಇನ್ನೂ ಬೇಕು. ರೋಡಾ ನಮ್ಮಲ್ಲಿಗೆ ಬರ್ತಾಳೆ, ಮನೆಯಿಂದ ಓಡಾಡ್ತಾಳೆ. ಫೀಸು, ಪುಸ್ತಕ, ಪೆಟ್ರೋಲು, ಊಟ ಎಲ್ಲ ಸೇರಿ ಹನ್ನೆರಡು ಸಾವಿರ. ಹನ್ನೆರಡರಲ್ಲಿ ಹನ್ನೆರಡು ಸಾವಿರದ ನಾನೂರು ಕಳೆದ್ರೆ ಸೊನ್ನೆಗಿಂತ ಕೆಳಗೆ. ಕೆಳಗಿನದನ್ನ ಬರೆಯೋಕೆ ಜಾಗ ಇಲ್ಲ, ಅದಕ್ಕೆ ಸೊನ್ನೆ ಅಂತ ಹಾಕ್ತೀವಿ."

"ಅಂದ್ರೆ, ಕಡಿಮೆ ಕೇಳಿದಳು ಅಂತ ಅವಳಿಗೆ ಬೇಡ ಅಂದ್ಕೊಂಡ್ರು."

"ಕಾಗದದ ಮಟ್ಟಿಗೆ ಹಾಗೇ."

ಆರ್ವಿಡ್ ಮೊಣಕಾಲೂರಿದಲ್ಲೇ ಇದ್ದ. ಸರ್ಕಾರವನ್ನು ಬೈಯಬೇಕೆಂದು ಬಂದವನಿಗೆ ಬೇರೇನೋ ನೆನಪಾಗುತ್ತಿತ್ತು. ಮಕ್ಕಳಿಗೆ ಒಂಬತ್ತಾದಾಗ ಸಿಗ್ನೆಗೆ ತುತ್ತೂರಿ ಕೊಡಿಸಿದ್ದ. ಎರಡು ತಿಂಗಳು ಊಟದ ಹೊತ್ತಿನಲ್ಲೆಲ್ಲ ಅದೇ ರಾಗ ಎಳೆದಿದ್ದಳು. ರೋಡಾಳನ್ನೂ ಕೇಳಿದ್ದರು, ನಿನಗೇನು ಬೇಕು ಎಂದು. ಪರವಾಗಿಲ್ಲ ಎಂದಿದ್ದಳು. ಸರಿ ಎಂದುಕೊಂಡರು. ಕಿಟಕಿಯ ಪಕ್ಕದ ಮಂಚ ಯಾರಿಗೆ ಎಂದಾಗಲೂ ಪರವಾಗಿಲ್ಲ ಎಂದಿದ್ದಳು. ಹಾಲಿನ ಹುಡಿ ಮುಗಿದಾಗ, ಕಾರಿನ ಹಿಂದಿನ ಸೀಟಿನಲ್ಲಿ ನಡುವೆ ಕೂರುವಾಗ, ಹಲ್ಲುನೋವು ಬಂದಾಗ ಕೂಡ. ಹಲ್ಲಿನ ಡಾಕ್ಟರು, "ಈ ಹುಡುಗಿಗೆ ಇದು ತಿಂಗಳಿನಿಂದ ನೋಯ್ತಿರಬೇಕಲ್ಲ," ಎಂದಿದ್ದರು. ಆರ್ವಿಡ್ ಅದನ್ನು ಕೂಡ ಕಾಫಿ ಅಂಗಡಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದ, ನಮ್ಮ ಚಿಕ್ಕವಳು ತಲೆನೋವಿಲ್ಲದ ಮಗು ಎಂದು.

ಎದ್ದು ನಿಂತ. ರೇಡಿಯೇಟರ್ ಸುಮ್ಮನಾಗಿತ್ತು.

"ಇದಕ್ಕೇನೂ ದಾರಿ ಇಲ್ವಾ?"

ಮಿಸೆಸ್ ಪೆಲ್ಟೊ ಅದರ ಮೇಲೆ ಅಂಗೈ ಇಟ್ಟು ನೋಡಿದರು. ಬಿಸಿಯಾಗುತ್ತಿತ್ತು. ನವೆಂಬರಿನಿಂದ ಮೊದಲ ಸಲ ಕೋಟಿನ ಗುಂಡಿ ಬಿಚ್ಚಿದರು. ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಹೇಳಿದರು: "ಅವಳು ಮನೇಲಿರದೆ ಇಲ್ಲೇ ರೂಮು ಮಾಡಿದ್ರೆ ಖರ್ಚಿನ ಲೆಕ್ಕ ಹದಿನೆಂಟೂವರೆ ಸಾವಿರ ಆಗುತ್ತೆ. ಆಗ ಅಗತ್ಯ ಆರು ಸಾವಿರದ ಚಿಲ್ಲರೆ. ಅಕ್ಕನಿಗೆ ಬಂದ ಹಾಗೇ ಮೂರು ಸಾವಿರದ ಐನೂರು ಸಬ್ಸಿಡಿ ಇರೋದು ಬರುತ್ತೆ. ಆದರೆ ಸುಮ್ನೆ ಬರ್ಕೊಡೋ ಹಾಗಿಲ್ಲ, ನಿಜವಾಗ್ಲೂ ಇರಬೇಕು."

"ನಾನು ಸುಳ್ಳು ಬರೆಯೋನಲ್ಲ ಮೇಡಂ," ಎಂದ ಆರ್ವಿಡ್. "ಮಗಳನ್ನ ಮನೆಯಿಂದ ಹೊರಗೆ ಹಾಕಬೇಕು. ಅಷ್ಟೇ ತಾನೆ."

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವನು ಕಾಗದ ಮಡಚಿಕೊಂಡು ಹೊರಟಿದ್ದ.

ಅಂದು ಸಂಜೆ ಊಟಕ್ಕೆ ಹುರಿದ ಮೀನು, ರೈ ಬ್ರೆಡ್ಡು, ಉಳಿದ ಆಲೂಗಡ್ಡೆ. ಎಲ್ಲರೂ ಕೂತ ಮೇಲೆ ಆರ್ವಿಡ್ ಹೇಳಿದ: "ರೋಡಾ, ನೀನು ಮನೆ ಬಿಡಬೇಕು."

ಫೋರ್ಕುಗಳು ನಿಂತವು.

"ಇವಳೇನ್ ಮಾಡಿದ್ಳು?" ಸಿಗ್ನೆಗೆ ನಗು ಬಂತು. "ಹದಿನೆಂಟು ವರ್ಷದಲ್ಲಿ ಒಂದು ಲೋಟ ಒಡೆದಿಲ್ಲ. ಹಾಕೋದಾದ್ರೆ ನನ್ನ ಹಾಕ್ಬೇಕು."

ಆರ್ವಿಡ್ ವಿಷಯ ವಿವರಿಸಿದ. ಮೀನಿನ ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಜೋಡಿಸುತ್ತ, ಯಾವ ಸಾಲಕ್ಕೆ ಯಾವಾಗ ಬಡ್ಡಿ ಶುರು, ಯಾರು ಕಟ್ಟುತ್ತಾರೆ ಎಂಬುದನ್ನೆಲ್ಲ ಮಿಸೆಸ್ ಪೆಲ್ಟೊಗಿಂತ ಚೆನ್ನಾಗಿಯೇ ಹೇಳಿದ. ನೋರೀನ್ ಕೇಳುತ್ತಲೇ ಮನಸ್ಸಿನಲ್ಲಿ ಗುಣಾಕಾರ ಮಾಡಿದಳು.

"ಮೂರು ಸಾವಿರದ ಐನೂರಕ್ಕೆ ಐದೂವರೆ ಅಂದ್ರೆ ವರ್ಷಕ್ಕೆ ನೂರಾ ತೊಂಬತ್ತೆರಡು ಡಾಲರ್," ಅಂದಳು. "ಅದನ್ನ ಉಳಿಸೋಕೆ ವರ್ಷಕ್ಕೆ ಐದು ಸಾವಿರ ಬಾಡಿಗೆ ಕೊಡೋದು. ಆರ್ವಿಡ್, ನಿನ್ನ ತಲೆಗೆ ಬಾಯ್ಲರ್ ಹೊಗೆ ಹೋಗಿದೆ."

"ಲೆಕ್ಕ ನನಗೂ ಗೊತ್ತಿದೆ."

"ಹಂಗಾದ್ರೆ ಇದೇನು?"

ಅಷ್ಟರಲ್ಲಿ ರೋಡಾ ಕುರ್ಚಿ ಹಿಂದಕ್ಕೆ ಸರಿಸಿ, ಮಹಡಿ ಹತ್ತಿ ಹೋದಳು. "ನೋಡು, ಅಳಿಸಿಬಿಟ್ಟೆ," ಎಂದು ನೋರೀನ್ ಗಂಡನ ಕಡೆ ಬಸ್ಸಿನ ಕನ್ನಡಿಯ ನೋಟ ಬೀರಿದಳು. ಆರ್ವಿಡ್ ತಟ್ಟೆ ನೋಡಿದ.

ರೋಡಾ ಅಳುತ್ತಿರಲಿಲ್ಲ. ಇಳಿದು ಬಂದಾಗ ಕೈಯಲ್ಲಿ ಒಂದು ಚೀಟಿಯಿತ್ತು, ನೋಟಿಸ್ ಬೋರ್ಡಿನಿಂದ ಹರಿದುಕೊಂಡದ್ದು. ಮಡಿಕೆಯಲ್ಲಿ ಸವೆದು ಬಟ್ಟೆಯ ಹಾಗಾಗಿತ್ತು.

"ತಿಂಗಳಿಗೆ ನಾನೂರ ಮೂವತ್ತು," ಎಂದು ಓದಿದಳು. "ಬಿಸಿನೀರು ಸೇರಿ. ಇನ್ನಿಬ್ಬರು ಹುಡುಗೀರ ಜೊತೆ, ಲಾಂಡ್ರಿ ಮೇಲಿನ ಮಹಡಿ. ಕಾಲೇಜಿಗೆ ನಡೆದ್ರೆ ಆರು ನಿಮಿಷ. ಇನ್ನೂ ಖಾಲಿ ಇದೆ. ಭಾನುವಾರ ಫೋನ್ ಮಾಡಿದ್ದೆ."

"ಯಾವಾಗಿಂದ ಇಟ್ಕೊಂಡಿದೀಯ ಇದನ್ನ?" ನೋರೀನಳ ದನಿ ಇಳಿದಿತ್ತು.

"ಫೆಬ್ರವರಿ. ಹದಿನೈದು ದಿನಕ್ಕೊಂದ್ಸಲ ಕೇಳ್ತಿದ್ದೆ. ಬೇರೆಯವರಿಗೆ ಹೋಗಿಬಿಟ್ಟಿದ್ರೆ ಸಾಕಿತ್ತು, ಹೋಗಲೇ ಇಲ್ಲ." ಅವಳು ಕೂತಳು. "ನಾನು ಕೆಲಸ ಮಾಡೋ ಮೀನಿನಂಗಡಿ ಸಂಬಳದಲ್ಲಿ ಬಾಡಿಗೆ ಕಟ್ಟಬಹುದು. ಎರಡು ಸಾವಿರದ ಒಂಬೈನೂರು ಉಳಿಸಿದೀನಿ."

"ಹೇಳಬಾರದಿತ್ತೇನೇ?"

"ಸಿಗ್ನೆ ಖರ್ಚೇ ಅಷ್ಟಿತ್ತಲ್ಲಮ್ಮ."

"ನಾನೇನ್ ಮಾಡ್ದೆ?" ಎಂದಳು ಸಿಗ್ನೆ.

"ನೀನೇನೂ ಮಾಡ್ಲಿಲ್ಲ," ಎಂದಳು ರೋಡಾ. "ನೀನು ಕೇಳಿದೆ. ನಾನು ಕೇಳಲಿಲ್ಲ."

ಸಿಗ್ನೆ ತನ್ನ ಪಾಲಿನ ಬ್ರೆಡ್ಡನ್ನು ತಂಗಿಯ ತಟ್ಟೆಗಿಟ್ಟಳು. ಆ ಮನೆಯಲ್ಲಿ ಇದು ಅಪರೂಪ. ಆರ್ವಿಡ್ ಇನ್ನೊಂದು ಆಲೂಗಡ್ಡೆ ಹಾಕಿಕೊಂಡ, ಮೊದಲಿನದು ತಟ್ಟೆಯಲ್ಲಿ ಹಾಗೇ ಇತ್ತು.

"ಫೋನ್ ಮಾಡು," ಎಂದಳು ನೋರೀನ್ ಕೊನೆಗೆ. "ತಗೋತೀವಿ ಅಂತ ಹೇಳು. ನೂರಾ ತೊಂಬತ್ತೆರಡು ಡಾಲರ್ ಉಳಿಯುತ್ತಲ್ಲ."

ಜೂನ್‌ನಲ್ಲಿ ರೋಡಾಗೆ ಹೊಸ ಕಾಗದ ಬಂತು. ವಿಳಾಸ ಬದಲಾಗಿತ್ತು, ಖರ್ಚು ಏರಿತ್ತು, ಅಗತ್ಯ ಆರು ಸಾವಿರದ ನೂರಕ್ಕೆ ಬಂದಿತ್ತು. ಸಬ್ಸಿಡಿ ಇರುವುದು ಮೂರು ಸಾವಿರದ ಐನೂರು, ಇಲ್ಲದ್ದು ಎರಡು ಸಾವಿರ. "ಈಗ ಇಬ್ಬರೂ ಸರಿಸಮ ಬಡವರು," ಎಂದು ಆರ್ವಿಡ್ ಕಾಫಿ ಅಂಗಡಿಯಲ್ಲಿ ಹೇಳಿದ. ಕೇಳಿದವರು ಅಭಿನಂದಿಸಬೇಕೋ ಬೇಡವೋ ತಿಳಿಯದೆ ಕಾಫಿ ಕುಡಿದರು.

ಸಾಲದ ದುಡ್ಡು ಕೈಗೆ ಬರುವ ಮೊದಲು ಕಂಪ್ಯೂಟರಿನಲ್ಲಿ ಒಂದು ಪಾಠ ಓದಿ, ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಸಿಗ್ನೆ ಅದನ್ನು ಹನ್ನೊಂದು ನಿಮಿಷದಲ್ಲಿ ಮುಗಿಸಿ ಈಜಲು ಹೋದಳು. ರೋಡಾ ಅಡುಗೆಮನೆಯ ಮೇಜಿನಲ್ಲಿ ಒಂದು ಗಂಟೆ ನಲವತ್ತು ನಿಮಿಷ ಕೂತು ಪ್ರತಿ ಸಾಲು ಓದಿದಳು. ಆರ್ವಿಡ್ ಅವಳ ಹಿಂದೆ ಕುರ್ಚಿ ಹಾಕಿಕೊಂಡು, ಅವಳು ಒತ್ತುವ ಮೊದಲೇ ಉತ್ತರ ಹೇಳುತ್ತಿದ್ದ. ಒಂದೂ ತಪ್ಪಲಿಲ್ಲ. ಅವನಿಗೆ ಯಾರೂ ಸಾಲ ಕೊಡುವವರಿರಲಿಲ್ಲ, ಅಷ್ಟೇ.

ಕೊನೆಗೆ ಎಷ್ಟು ಸಾಲ ಒಪ್ಪಿಕೊಳ್ಳುತ್ತೀರಿ ಎಂಬ ಪುಟ ಬಂತು. ರೋಡಾ ಸಬ್ಸಿಡಿ ಇರುವುದನ್ನು ಒಪ್ಪಿದಳು. ಎರಡು ಸಾವಿರದ ಎದುರು ಬೇಡ ಎಂದು ಗುರುತು ಹಾಕಿದಳು.

"ಏಯ್, ಕೊಡ್ತಾರಲ್ಲ, ತಗೊಳ್ಳೇ," ಎಂದ ಆರ್ವಿಡ್.

"ಬೇಡಪ್ಪ."

ಆರ್ವಿಡ್ ಕುರ್ಚಿಯನ್ನು ಮುಂದೆ ಎಳೆದು ಅವಳ ಮುಖ ಕಾಣುವ ಹಾಗೆ ಕೂತ. "ಒಂದು ಮಾತು ಹೇಳು. ಇದು ಪರವಾಗಿಲ್ಲ ಅನ್ನೋ ಬೇಡಾನಾ, ನಿಜವಾದ ಬೇಡಾನಾ?"

ರೋಡಾ ಯೋಚಿಸಿದಳು. ಪ್ರಶ್ನೆ ಅವಳಿಗೂ ಹೊಸದು.

"ನಿಜವಾದ ಬೇಡ," ಎಂದಳು. "ಇದಕ್ಕೆ ಮೊದಲ ದಿನದಿಂದಲೇ ಬಡ್ಡಿ. ನನ್ನ ಹತ್ರ ಉಳಿತಾಯ ಇದೆ. ಮುಂದೆ ಬೇಕಾದ್ರೆ ಈ ವರ್ಷದೊಳಗೆ ಕೇಳಬಹುದಂತೆ, ಅಲ್ಲಿ ಬರೆದಿದೆ. ಬೇಕಾದ್ರೆ ಕೇಳ್ತೀನಿ."

"ಕೇಳ್ತೀಯಾ?"

"ಕೇಳ್ತೀನಿ ಅಂದ್ನಲ್ಲ."

ಆರ್ವಿಡ್ ಕುರ್ಚಿ ಹಿಂದಕ್ಕೆಳೆದುಕೊಂಡ.

ಆಗಸ್ಟ್ ಕೊನೆಯಲ್ಲಿ ಇಬ್ಬರೂ ಹೊರಟರು. ಗುರುವಾರ ಸಿಗ್ನೆಯನ್ನು ಬಿಟ್ಟುಬಂದರು. ಐದು ಗಂಟೆಯ ದಾರಿ, ಟ್ರಕ್ಕಿನ ಹಿಂಭಾಗ ತುಂಬಿ ಮೇಲೆ ಹಗ್ಗ ಬಿಗಿದಿತ್ತು, ಬೀಳ್ಕೊಡುವಾಗ ಸಿಗ್ನೆ ಅತ್ತ ಅಳು ಹಾಸ್ಟೆಲಿನವರಿಗೆಲ್ಲ ಅವಳ ಪರಿಚಯ ಮಾಡಿಸಿತು. ಶನಿವಾರ ರೋಡಾಳ ಸರದಿ. ಎರಡು ಪೆಟ್ಟಿಗೆ, ಒಂದು ಹಾಸಿಗೆ. ನೋರೀನ್‌ಗೆ ಶಾಲೆಯವರು ಬಸ್ಸಿನ ತಪಾಸಣೆ ಇಟ್ಟಿದ್ದರಿಂದ ಆರ್ವಿಡ್ ಒಬ್ಬನೇ ಹೋದ. ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಸೋಪಿನ ವಾಸನೆ, ನೆಲದಡಿಯಿಂದ ಯಂತ್ರಗಳ ಗುರ್ ಗುರ್. ಅವನು ಕಿಟಕಿಯ ಚಿಲಕ ನೋಡಿದ, ನಲ್ಲಿ ತಿರುಗಿಸಿ ನೋಡಿದ, ಪೈಪಿಗೆ ಕೈಯಿಟ್ಟು ನೋಡಿದ. ಸರಿಮಾಡಲು ಏನೂ ಇರಲಿಲ್ಲ. ಇದರಿಂದ ಅವನಿಗೆ ಸ್ವಲ್ಪ ಬೇಜಾರೇ ಆಯಿತು.

"ಏನಾದ್ರೂ ಬೇಕಾ?" ಎಂದು ಬಾಗಿಲಲ್ಲಿ ನಿಂತು ಕೇಳಿದ. ಹದಿನೆಂಟು ವರ್ಷದ ರೂಢಿಯಂತೆ ಉತ್ತರಕ್ಕೆ ಕಾಯದೆ ಟೋಪಿ ಹಾಕಿಕೊಳ್ಳುತ್ತಿದ್ದ.

"ಬೇಕು," ಎಂದಳು ರೋಡಾ.

ಟೋಪಿ ಅರ್ಧದಲ್ಲೇ ನಿಂತಿತು.

"ದೊಡ್ಡ ಕಬ್ಬಿಣದ ಬಾಣಲೆ," ಎಂದಳು. "ಫ್ರೀಜರಲ್ಲಿರೋ ಜಿಂಕೆ ಮಾಂಸದಲ್ಲಿ ಅರ್ಧ. ನನ್ನ ಕಾರಿಗೆ ಹಿಮಕ್ಕೆ ಹಾಕೋ ಟಯರು, ಹೊಸದು, ಹಳೇದಲ್ಲ. ನನ್ನ ಮಂಚದ ಪಕ್ಕದ ದೀಪ."

"ನಿಲ್ಲು, ನಿಲ್ಲು." ಆರ್ವಿಡ್ ರಿಪೇರಿ ರಸೀತಿಯ ಬೆನ್ನಿಗೆ ಬರೆದುಕೊಳ್ಳತೊಡಗಿದ. ಕೆಳಗೆ ಯಾವುದೋ ಯಂತ್ರ ಬಟ್ಟೆ ಹಿಂಡುವ ಹಂತಕ್ಕೆ ಬಂದು ನೆಲವೆಲ್ಲ ನಡುಗಿತು. ರೋಡಾ ದನಿ ಏರಿಸಿ ಹೇಳುತ್ತಲೇ ಹೋದಳು. ಅವಳಿಗೆ ಇಷ್ಟು ದೊಡ್ಡ ದನಿ ಇರುವುದು ಅವನಿಗೆ ಗೊತ್ತಿರಲಿಲ್ಲ. ಒಟ್ಟು ಹನ್ನೊಂದಾಯಿತು. ರಸೀತಿಯಲ್ಲಿ ಜಾಗ ಮುಗಿದು ಕೊನೆಯ ಎರಡನ್ನು ಅಂಗೈ ಮೇಲೆ ಬರೆದುಕೊಂಡ.

ಮನೆಯಲ್ಲಿ ನೋರೀನ್ ಪಟ್ಟಿಯನ್ನು ನಿಂತುಕೊಂಡೇ ಓದಿದಳು. "ಮೊದಲನೇದೇ ನನ್ನ ಬಾಣಲೆ."

"ಕೊಡು."

"ಕೊಡದೆ ಏನು." ಅವಳು ಆಗಲೇ ಅದನ್ನು ಕಪಾಟಿನಿಂದ ಇಳಿಸುತ್ತಿದ್ದಳು. "ಹತ್ತನೇದು ಯಾವುದು? ಕೈ ತೋರಿಸು."

ಹತ್ತನೆಯದು ಅಜ್ಜಿಯ ತಾಮ್ರದ ಕಾಫಿ ಕೆಟಲ್. ಅದನ್ನು ಸಿಗ್ನೆ ಗುರುವಾರವೇ ಒಯ್ದಿದ್ದಳು. ಆರ್ವಿಡ್ ಫೋನ್ ಮಾಡಿದ.

"ಅದು ನಂದು!" ಸಿಗ್ನೆಯ ದನಿ ಫೋನನ್ನು ಕಿವಿಯಿಂದ ದೂರ ಹಿಡಿದರೂ ಕೇಳುತ್ತಿತ್ತು. "ಅಜ್ಜಿ ನನಗೆ ಅಂತಾನೇ ಹೇಳಿದ್ರು!"

"ಹೇಳಿರಬಹುದು. ನೀನು ಕೇಳಿದ್ದೆ, ಅದಕ್ಕೆ ಹೇಳಿದ್ರು. ಈಗ ಅವಳು ಕೇಳಿದಾಳೆ. ಸೋಮವಾರ ಅಂಚೆಗೆ ಹಾಕು."

"ಇದು ನ್ಯಾಯ ಅಲ್ಲ ಅಪ್ಪ!"

"ಅಲ್ಲ," ಎಂದು ಒಪ್ಪಿಕೊಂಡ ಆರ್ವಿಡ್. "ಹಾಕು."

ಸಿಗ್ನೆ ಸೋಮವಾರ ಹಾಕಲಿಲ್ಲ, ಗುರುವಾರ ಹಾಕಿದಳು. ಮುಂದಿನ ವಾರ ಆರ್ವಿಡ್ ಯಾರದೋ ನೆಲಮಾಳಿಗೆಯಲ್ಲಿ ಬಾಯ್ಲರಿನೊಳಗೆ ತಲೆ ತೂರಿಸಿದ್ದಾಗ ಫೋನ್ ಬಂತು.

"ಕೆಟಲ್ ಬಂತಪ್ಪ," ಎಂದಳು ರೋಡಾ. "ಮೂತಿ ನೆಗ್ಗಿಹೋಗಿದೆ. ಸಿಗ್ನೆ ಸರಿಯಾಗಿ ಸುತ್ತೇ ಇಲ್ಲ. ಅವಳಿಗೆ ಬೈದೆ. ನೀನೂ ಬೈಯಿ."

"ಬೈತೀನಿ," ಎಂದ ಆರ್ವಿಡ್. ಮಸಿ ಮೆತ್ತಿದ ಕೈಯಲ್ಲಿ ಫೋನ್ ಹಿಡಿದುಕೊಂಡೇ ಇದ್ದ, ಅವಳು ಇನ್ನೇನಾದರೂ ಹೇಳುತ್ತಾಳೇನೋ ಎಂದು. ಹೇಳಿದಳು. ಅವನು ತಂದುಕೊಟ್ಟ ಟಯರೂ ಹೊಸದಲ್ಲವಂತೆ.